ಹಳಿ ಕಿತ್ತ ದಾರಿಯಲ್ಲಿ ವೈನಿಯ ಸೈಕಲ್

ನನ್ನ ವೈನಿಗೆ ಸೈಕಲ್ ಹೊಡೆಯಲು ಬರುತ್ತಿರಲಿಲ್ಲ. ಬಂದಿದ್ದರೆ ನಾನು ಯಾದಗಿರಿಯ ಆ ಹಳಿ ಕಿತ್ತ ದಾರಿಗೆ ಹೋಗುತ್ತಲೇ ಇರಲಿಲ್ಲ.

ವೈನಿ ಅಂದರೆ ನನ್ನ ಅಣ್ಣನ ಹೆಂಡತಿ. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಅಣ್ಣ ಹತ್ತರಲ್ಲಿ ಫೇಲಾಗಿ ಈಗ ಕಡೇಚೂರಿನ ಫ್ಯಾಕ್ಟರಿಯಲ್ಲಿ ಪಾಳಿ ಕೆಲಸ ಮಾಡುತ್ತಾನೆ. ಸೈದಾಪುರದಲ್ಲಿ ರೂಮು ಮಾಡಿಕೊಂಡಿದ್ದಾನೆ, ಹದಿನೈದು ದಿನಕ್ಕೊಮ್ಮೆ ಊರಿಗೆ ಬರುತ್ತಾನೆ. ನಮ್ಮ ಮನೆಯಲ್ಲಿ ಹತ್ತು ಪಾಸಾದವಳು ವೈನಿ ಒಬ್ಬಳೇ. ಪಾಸು ಅಂದರೆ ಬರೀ ಪಾಸಲ್ಲ, ಒಳ್ಳೆಯ ಮಾರ್ಕ್ಸ್ ತೆಗೆದಿದ್ದಳು. ಆ ಮಾರ್ಕ್ಸ್ ಕಾರ್ಡು ಟ್ರಂಕಿನಲ್ಲಿ ಸೀರೆಗಳ ಕೆಳಗೆ ಎಂಟು ವರ್ಷ ಬಿದ್ದಿತ್ತು. ಅವಳು ಮಂದಿಯ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದಳು, ಸಸಿ ನಾಟಿ ಮಾಡುತ್ತಿದ್ದಳು.

ಒಂದು ದಿನ ಅವಳೇ ಊರಿನ ಕಂಪ್ಯೂಟರ್ ಅಂಗಡಿಗೆ ಹೋಗಿ ಅಂಚೆ ಕೆಲಸಕ್ಕೆ ಅರ್ಜಿ ಹಾಕಿ ಬಂದಳು. ಯಾರಿಗೂ ಹೇಳಲಿಲ್ಲ. ಆ ಕೆಲಸಕ್ಕೆ ಪರೀಕ್ಷೆ ಇಲ್ಲ, ಹತ್ತನೆಯ ತರಗತಿಯ ಮಾರ್ಕ್ಸ್ ನೋಡಿ ತೆಗೆದುಕೊಳ್ಳುತ್ತಾರೆ. ಮೂರು ತಿಂಗಳ ಮೇಲೆ ಫೋನಿಗೆ ಮೆಸೇಜು ಬಂತು. ನಮ್ಮ ಊರಿನ ಅಂಚೆಗೇ ಆಯ್ಕೆಯಾಗಿದ್ದಳು. ಊರಿನ ಟಪಾಲು, ಜೊತೆಗೆ ಎರಡು ತಾಂಡಾ, ಆಂಧ್ರದಿಂದ ಬಂದು ನೆಲೆಸಿದವರ ಒಂದು ಕ್ಯಾಂಪಿನ ಟಪಾಲು ಒಯ್ದು ಕೊಡಬೇಕು. ಎಲ್ಲವೂ ಕಾಲುವೆಯ ಉದ್ದಕ್ಕೆ ಚದುರಿಕೊಂಡಿವೆ. ನಡೆದರೆ ದಿನ ಸಾಲದು. ಅದಕ್ಕೇ ನಿಯಮದಲ್ಲಿ ಒಂದು ಸಾಲು ಇತ್ತು, ಸೈಕಲ್ ಬರಬೇಕು ಅಂತ. ಮುಂದಿನ ಸೋಮವಾರ ಸುರಪುರದ ಕಚೇರಿಗೆ ಕಾಗದ ತಗೊಂಡು ಬರಬೇಕು, ಸಾಹೇಬರ ಮುಂದೆ ಸೈಕಲ್ ಹೊಡೆದು ತೋರಿಸಬೇಕು. ಆಗದಿದ್ದರೆ ಕೆಲಸ ಪಟ್ಟಿಯಲ್ಲಿದ್ದ ಮುಂದಿನವರಿಗೆ.

ಮೆಸೇಜು ಬಂದಿದ್ದು ಸೋಮವಾರ. ಕೈಯಲ್ಲಿ ಇದ್ದದ್ದು ಒಂದು ವಾರ.

"ಸಣ್ಣಕಿದ್ದಾಗ ಕಲೀಲಿಲ್ಲೇನ್ರಿ?" ಅಂದೆ. "ಎಂಟನೇತ್ತಿಗೆ ಸರಕಾರದವರು ಎಲ್ಲಾರಿಗೂ ಸೈಕಲ್ ಕೊಡ್ತಾರಲ್ಲ."

"ನಾ ಹಾಸ್ಟೆಲ್‌ನ್ಯಾಗ ಇದ್ದೆ. ಹಾಸ್ಟೆಲ್‌ನವರಿಗಿ ಕೊಡಂಗಿಲ್ಲ. ನನ್ನ ತಂಗಿಗಿ ಕೊಟ್ರು. ಆಕಿ ಮನೀಲಿಂದ ಹೋಗ್ತಿದ್ಳು."

"ಆಕಿದು ಒಮ್ಮಿನೂ ಹೊಡೀಲಿಲ್ಲ?"

"ಮುಟ್ಟಾಕ ಬಿಡ್ತಿರಲಿಲ್ಲಪಾ ಆಕಿ. ಸೀಟಿನ ಪ್ಲಾಸ್ಟಿಕ್ ಸೈತ ಎರಡು ವರ್ಷ ತಗದಿರಲಿಲ್ಲ."

ಕಲಿಸುವ ಕೆಲಸ ನನಗೆ ಬಿತ್ತು. ಅಣ್ಣನಿಗೆ ರಜೆ ಸಿಗಲಿಲ್ಲ. ನಾನು ಕಾಲುವೆ ಮೇಲೆ ಕೂಲಿ. ನಮ್ಮ ಉಪಕಾಲುವೆಯ ತೂಬುಗಳನ್ನು ತೆರೆಯುವುದು, ಮುಚ್ಚುವುದು, ಯಾರಾದರೂ ಕದ್ದು ನೀರು ತಿರುಗಿಸಿದ್ದರೆ ಜಗಳ ಮಾಡಿ ವಾಪಸ್ ತಿರುಗಿಸುವುದು. ವಾರಬಂದಿ ನಡೆಯುತ್ತಿತ್ತು. ಅಂದರೆ ಒಂದು ವಾರ ನೀರು ಬಿಡುತ್ತಾರೆ, ಒಂದು ವಾರ ಬಂದ್ ಮಾಡುತ್ತಾರೆ. ಬುಧವಾರದಿಂದ ಬಂದ್ ಇತ್ತು. ಮಂಗಳವಾರ ಇನ್ನೂ ನೀರಿತ್ತು.

ಅವತ್ತೇ ಶುರು ಮಾಡಿದೆ. ಅದು ತಪ್ಪಾಯಿತು. ನಮ್ಮ ಊರಿನಲ್ಲಿ ಕರಿ ಮಣ್ಣು. ದಾರಿಗಳೆಲ್ಲ ಟ್ರ್ಯಾಕ್ಟರ್ ಗಾಲಿ ಹೋಗಿ ಹೋಗಿ ಕುಣಿ ಬಿದ್ದಿವೆ. ಸರಿಯಾಗಿರುವುದು ಕಾಲುವೆ ಏರಿಯ ಮೇಲಿನ ದಾರಿ ಒಂದೇ. ನಾನು ದಿನಾ ಅಲ್ಲಿ ಓಡಾಡುವವನು, ಅದಕ್ಕೆ ಸೀದಾ ಅಲ್ಲಿಗೆ ಕರೆದುಕೊಂಡು ಹೋದೆ. ಪಕ್ಕದಲ್ಲಿ ನೀರು ತುಂಬಿ ಹರಿಯುತ್ತಿದೆ ಅನ್ನುವುದು ನನ್ನ ಲೆಕ್ಕದಲ್ಲೇ ಇರಲಿಲ್ಲ. ದಿನಾ ನೋಡುವ ನೀರು, ಅದಕ್ಕೆ ಯಾರು ಹೆದರುತ್ತಾರೆ?

ವೈನಿ ನನ್ನ ಸೈಕಲ್ ಮೇಲೆ ಇಪ್ಪತ್ತು ಹೆಜ್ಜೆ ಹೋದಳು. ನಾನು ಸೀಟು ಹಿಡಿದಿದ್ದೆ. ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಹೆಂಗಸರು ಎದ್ದು ನಿಂತು ನಗಲು ಶುರು ಮಾಡಿದರು. ಅವಳು ಆ ಕಡೆ ತಿರುಗಿ ನೋಡಿದಳು. ನೋಡಿದ ಕಡೆಗೇ ಹ್ಯಾಂಡಲ್ಲೂ ತಿರುಗಿತು. ಸೈಕಲ್ಲು, ವೈನಿ, ಹಿಂದೆ ಸೀಟು ಬಿಡದ ನಾನು, ಮೂವರೂ ಕಾಲುವೆಗೆ. ಎದೆಮಟ ನೀರು. ಹೆದರುವಂಥದ್ದು ಏನೂ ಆಗಲಿಲ್ಲ. ಆದರೆ ಸಂಜೆಯೊಳಗೆ ಊರೆಲ್ಲ ಒಂದೇ ಮಾತು, ಮೈದುನ ವೈನಿಯನ್ನು ಕಾಲುವೆಗೆ ನೂಕ್ಯಾನ ಅಂತ.

ನಮ್ಮ ಅವ್ವ ಸಿಟ್ಟಿನಿಂದ ಕೂಗಾಡಲಿಲ್ಲ. ಒದ್ದೆ ಸೀರೆ ಹಿಂಡುತ್ತಾ ಅಂದಳು, "ಇಲ್ಲಿ ಆಗೂದಿಲ್ಲ. ಮಂದಿ ನಗ್ತಾರ, ಆಕಿ ಮಂದಿ ಮಾರಿ ನೋಡ್ತಾಳ, ಬೀಳ್ತಾಳ. ಆಕಿ ತವರುಮನಿಗಿ ಕರ್ಕೊಂಡು ಹೋಗು. ಅಲ್ಲಿ ಯಾರಿಗಿ ಯಾರು ಗೊತ್ತದ?"

ವೈನಿಯ ತವರು ಯಾದಗಿರಿ. ಸ್ಟೇಷನ್ನಿನಿಂದ ಸ್ವಲ್ಪ ದೂರ ಅವಳ ತಾಯಿಯ ಮನೆ. ತಂಗಿಯ ಆ ಸರಕಾರಿ ಸೈಕಲ್ಲೂ ಅಲ್ಲೇ ಇತ್ತು. ತಂಗಿ ಮದುವೆಯಾಗಿ ಹೋಗಿದ್ದಳು, ಸೈಕಲ್ ಮಾತ್ರ ಗೋಡೆಗೆ ಒರಗಿತ್ತು.

ಬುಧವಾರ ಮಧ್ಯಾಹ್ನ ಬಸ್ ಹತ್ತಿದೆವು. ಶಹಾಪುರದ ಹತ್ತಿರ ಕಿಟಕಿಯಿಂದ ಆ ಗುಡ್ಡ ಕಾಣಿಸಿತು, ಬುದ್ಧ ಮಲಗಿದ ಹಾಗೆ ಕಾಣುತ್ತದಲ್ಲ, ಅದು. ವೈನಿಯ ತವರಿನವರು ಬೌದ್ಧರು. ಆ ಗುಡ್ಡ ಬಂದಾಗ ಅವಳು ಯಾವಾಗಲೂ ಕೈ ಮುಗಿಯುತ್ತಾಳೆ. ಅವತ್ತೂ ಮುಗಿದಳು. ಆಮೇಲೆ ಮೆಲ್ಲಗೆ ಅಂದಳು, "ಅಂವ ಆರಾಮ ಮಲಗ್ಯಾನ ನೋಡು. ನಾ ಬೀಳಾಕ ಹೊಂಟೀನಿ."

"ಬೀಳೂದಿಲ್ಲ ಬಿಡ್ರಿ."

"ನೀ ಹಿಡಕೊಂಡ್ರ ಬಿದ್ದ ಬೀಳ್ತೀನಿ. ನಿನ್ನೆ ನೋಡೀನಿ."

ಯಾದಗಿರಿಯಲ್ಲಿ ಸೈಕಲ್ ಕಲಿಯಲು ಜಾಗ ಎಲ್ಲಿದೆ ಅಂತ ಅವಳ ತಾಯಿಯನ್ನು ಕೇಳಿದೆ. ಅತ್ತಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತದೆ ಅಂದಳು, "ಪಟ್ರಿ ದಾರಿಗಿ ಹೋಗ್ರಿ. ಅಲ್ಲಿ ಗಾಡಿ ಬರಂಗಿಲ್ಲ."

ಪಟ್ರಿ ದಾರಿ ಅಂದರೆ ಮೊದಲು ರೈಲು ಹಳಿ ಇದ್ದ ಜಾಗ. ಸ್ಟೇಷನ್ನಿನಿಂದ ಗುಡ್ಡದ ಬುಡದ ಕಲ್ಲು ಕ್ವಾರಿಗೆ ಒಂದು ಒಂಟಿ ಹಳಿ ಹೋಗುತ್ತಿತ್ತಂತೆ. ಅಲ್ಲಿಂದ ಜಲ್ಲಿ ತುಂಬಿ ತರುತ್ತಿದ್ದರು. ಕ್ವಾರಿ ನಿಂತಿತು, ಹಳಿ ಕಿತ್ತರು. ಸುಮಾರು ವರ್ಷ ಜಾಲಿ ಬೆಳೆದು, ಕಸ ಬಿದ್ದು, ಹಂದಿಗಳ ಊರಾಗಿತ್ತಂತೆ. ಆಮೇಲೆ ಜಾಲಿ ಕಡಿದು, ಮುರುಮದ ಕೆಂಪು ಮಣ್ಣು ಹಾಕಿ, ರೋಲರ್ ಹೊಡೆದು, ನಡೆಯುವವರಿಗೆ ಮತ್ತು ಸೈಕಲ್ಲಿನವರಿಗೆ ಅಂತ ದಾರಿ ಮಾಡಿದ್ದಾರೆ. ಎರಡು ಕಡೆ ಸಿಮೆಂಟಿನ ಅಂಚು. ಅಲ್ಲಲ್ಲಿ ಕೂರಲು ಸಿಮೆಂಟ್ ಬೆಂಚು. ದಾರಿಯ ಬಾಯಿಯಲ್ಲಿ ಹಳೆಯ ಹಳಿಯ ತುಂಡುಗಳನ್ನೇ ನಿಲ್ಲಿಸಿ ಹೂಳಿದ್ದಾರೆ, ಮೋಟಾರ್‌ಸೈಕಲ್ ನುಗ್ಗದಂತೆ. ಸೈಕಲ್ ನುಸುಳುತ್ತದೆ, ಬೈಕು ನುಸುಳಲ್ಲ. ಅದನ್ನು ಮಾಡಿದವನಿಗೆ ತಲೆ ಇದೆ ಅಂತ ಅನ್ನಿಸಿತು.

ಗುರುವಾರ ಬೆಳಿಗ್ಗೆ ಹೋದೆವು. ವೈನಿ ತಂಗಿಯ ಹಳೆಯ ಚೂಡಿದಾರ್ ಹಾಕಿಕೊಂಡಿದ್ದಳು. ಮದುವೆಯಾದ ಮೇಲೆ ಮೊದಲ ಸಲ. ದುಪಟ್ಟಾ ಸೊಂಟಕ್ಕೆ ಕಟ್ಟಿದ್ದಳು.

ಅಷ್ಟು ಮಂದಿ ಇರುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ. ಮೇಷ್ಟ್ರುಗಳು, ಕಚೇರಿಯ ಕ್ಲರ್ಕುಗಳು, ಹತ್ತಿಯ ದರ ಮಾತಾಡುತ್ತಾ ಜೋರಾಗಿ ನಡೆಯುವ ಅಡತಿ ಅಂಗಡಿಯವರು. ಇಳಕಲ್ ಸೀರೆ ಉಟ್ಟು ಕಾಲಿಗೆ ದಪ್ಪ ಬೂಟು ಹಾಕಿದ ಹೆಂಗಸರು. ಇಬ್ಬರು ಬುರ್ಖಾ ಹಾಕಿದ ಹುಡುಗಿಯರು ಒಂದೇ ಸೈಕಲ್ಲಿನ ಮೇಲೆ ಒಬ್ಬರ ನಂತರ ಒಬ್ಬರು ಪಾಳಿ ಹಚ್ಚಿ ಹೊಡೆಯುತ್ತಿದ್ದರು. ಯಾರೂ ನಮ್ಮನ್ನು ನೋಡಲಿಲ್ಲ. ನೋಡಿದರೂ ದಾರಿ ಬಿಟ್ಟು ಹೋದರು. ಒಬ್ಬ ಹೆಣ್ಣುಮಗಳು ನಡೆಯುತ್ತಲೇ ಹೇಳಿದಳು, "ಮುಂದ ನೋಡವಾ, ಗಾಲಿ ನೋಡಬ್ಯಾಡ." ಅಷ್ಟೇ. ನನಗೆ ಆ ಜಾಗ ಹಿಡಿಸಿತು. ಕೆಲಸಕ್ಕೆ ಬರುವ ಜಾಗ.

ಜಾಗ ಚೆನ್ನಾಗಿದ್ದರೂ ಕಲಿಕೆ ಆಗಲಿಲ್ಲ.

ವೈನಿ ಕೂರುತ್ತಾಳೆ, ನಾನು ಹಿಡಿಯುತ್ತೇನೆ, ಅವಳು ಪೆಡಲ್ ತುಳಿಯುತ್ತಾಳೆ. ತುಳಿಯುವುದಕ್ಕೇ ಅವಳ ಶಕ್ತಿಯೆಲ್ಲ ಹೋಗುತ್ತಿತ್ತು. ತುಳಿಯಲು ಬಗ್ಗಿದರೆ ಹ್ಯಾಂಡಲ್ ಅಲ್ಲಾಡುತ್ತದೆ, ಹ್ಯಾಂಡಲ್ ಹಿಡಿದರೆ ತುಳಿಯುವುದು ನಿಲ್ಲುತ್ತದೆ. ಅರ್ಧ ದಾರಿಗೆ ಹೋಗುವುದರೊಳಗೆ ಇಬ್ಬರೂ ಏದುಸಿರು. ಸೈಕಲ್ ತಳ್ಳಿಕೊಂಡು ವಾಪಸ್ ಸ್ಟೇಷನ್ ಕಡೆಯ ತುದಿಗೆ ಬಂದು ಮತ್ತೆ ಶುರು. ಹೀಗೆ ಗುರುವಾರ ಎರಡು ಹೊತ್ತು, ಶುಕ್ರವಾರ ಎರಡು ಹೊತ್ತು. ಹತ್ತು ಸಲವಾದರೂ ಬಿದ್ದಳು. ನಾನೂ ಬಾಯಿ ಬಿಗಿ ಹಿಡಿಯಲಿಲ್ಲ.

"ಅದೇನ್ರಿ ಅದು, ಹಿಟ್ಟು ಬೀಸಿದಂಗ ತುಳೀತೀರಿ? ಜೋರ್ ತುಳೀರಿ!"

"ನೀ ಹಿಂದ ಜಗ್ಗಾಕತ್ತೀದಿ!"

"ನಾ ಯಾಕ ಜಗ್ಗಲಿ? ನಾ ನೂಕಾಕತ್ತೀನಿ."

"ನೂಕಿದ್ರ ಇಷ್ಟು ಜಡ ಯಾಕ ಆಗ್ತದ? ನಿನ್ನ ಕೈಗಿ ದೆವ್ವ ಹೊಕ್ಕದ."

ಶುಕ್ರವಾರ ಬೆಳಿಗ್ಗೆ ಒಬ್ಬ ಮುದುಕ ಬೆಂಚಿನ ಮೇಲೆ ಕೂತು ನೋಡುತ್ತಿದ್ದ. ಬಿಳಿ ಪೈಜಾಮ, ಕೈಯಲ್ಲಿ ಬೆತ್ತ. ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದು ರಿಟೈರ್ ಆದವನು ಅಂತ ಆಮೇಲೆ ತಿಳಿಯಿತು. ನಾವು ಮೂರನೆಯ ಸಲ ವಾಪಸ್ ತಳ್ಳಿಕೊಂಡು ಬರುವಾಗ ಬೆತ್ತದಿಂದ ಗುಡ್ಡದ ಕಡೆ ತೋರಿಸಿ ಅಂದ, "ಏ ತಮ್ಮಾ, ಇಲ್ಲಿಂದ ಹೋಗಬ್ಯಾಡ. ಆ ತುದೀಲಿಂದ ಹೊಡಸು."

"ಯಾ ತುದೀಲಿಂದ ಹೊಡದ್ರೂ ದಾರಿ ಅಷ್ಟ ಅಲ್ಲೇನ್ರಿ ಮುತ್ಯಾ," ಅಂದೆ.

"ಆತು, ನಿನ್ನ ಮರ್ಜಿ," ಅಂದು ಅವನು ಎದ್ದು ಹೋದ.

ನಾನು ಯಾಕೆ ಅಂತ ಕೇಳಬೇಕಿತ್ತು. ಕೇಳಲಿಲ್ಲ. ದಾರಿ ಕಣ್ಣಿಗೆ ಸಪಾಟಾಗಿತ್ತು, ಹಂಚಿನ ಮೇಲೆ ತಟ್ಟಿದ ರೊಟ್ಟಿಯಷ್ಟು ಸಪಾಟು. ಇನ್ನೊಂದು ಮಾತೂ ಇದೆ. ಕಾಲುವೆ ಕೆಲಸದಲ್ಲಿ ಎಲ್ಲವೂ ತೂಬಿನಿಂದ ಶುರು. ತೂಬು ಯಾವಾಗಲೂ ಮೇಲಿನ ತುದಿಗೆ ಇರುತ್ತದೆ, ಅಲ್ಲಿಂದ ಕೆಳಗೆ ಕೆಲಸ ಮಾಡುತ್ತಾ ಹೋಗುತ್ತೇವೆ. ಆರು ವರ್ಷ ಅದೇ ಮಾಡಿದವನಿಗೆ, ಎಲ್ಲಿ ಶುರು ಮಾಡುತ್ತೇನೋ ಅದೇ ಮೇಲಿನ ತುದಿ ಅಂತ ತಲೆಯಲ್ಲಿ ಕೂತುಬಿಟ್ಟಿರುತ್ತದೆ. ನಾನು ಶುರು ಮಾಡಿದ್ದು ಸ್ಟೇಷನ್ ಕಡೆಯಿಂದ, ಯಾಕೆಂದರೆ ಮನೆ ಆ ಕಡೆ ಇತ್ತು.

ಶುಕ್ರವಾರ ಸಂಜೆ ಅಣ್ಣ ಫೋನ್ ಮಾಡಿದ. ವೈನಿ ಸ್ಪೀಕರ್ ಹಾಕಿದಳು.

"ಬಂತೇನು?"

"ಮೊಣಕಾಲು ಕೆತ್ತಿ ಬಂತು," ಅಂದಳು ವೈನಿ.

"ಹಂಗಾರ ಬಿಟ್ಟುಬಿಡು. ಬರ್ತದ ಅಂತ ಬರದು ಸಹಿ ಮಾಡು. ಸಾಹೇಬ್ರು ಎಲ್ಲಿ ನೋಡ್ತಾರ? ನೋಡಿದ್ರ ಕಾಲು ನೋವಾಗ್ಯಾದ ಅನ್ನು."

ನನಗೂ ಅದೇ ಸರಿ ಅನ್ನಿಸಿತು. ನಾನೂ ಹೂಂ ಅಂದೆ.

ವೈನಿ ಅಂದಳು, "ಸಹಿ ಮಾಡ್ತೀನಿ. ಮರುದಿನ ಕ್ಯಾಂಪಿನ ಟಪಾಲು ಹ್ಯಾಂಗ ಒಯ್ಲಿ? ನಿಮ್ಮ ತಮ್ಮನ ಹೆಗಲ ಮ್ಯಾಲ ಕುಂತು ಹೋಗ್ಲೇನು? ನಡಕೊಂತ ಹೋದ್ರ ಒಂದು ತಿಂಗಳಿಗಿ ಕೆಲಸ ಬಿಡಬೇಕಾಗ್ತದ. ಆಮ್ಯಾಲ ಎಲ್ಲಾರೂ, ಹೆಂಗಸಿಗಿ ಯಾಕ ಕೊಟ್ರು, ಅಂತಾರ. ನಾ ಮತ್ತ ಹತ್ತಿ ಬಿಡಸಾಕ ಹೋಗಬೇಕು. ನಂಗ ಆ ಕೆಲಸ ಬೇಕು. ಕಾಗದ ಬ್ಯಾಡ."

ಅತ್ತಿ ಒಳಗಿಂದ ಅಂದಳು, "ಸಣ್ಣ ಅಳಿಯಾ, ನೀ ಕಲಸಾಕ ಬಂದೀದಿ, ಹೂಂ ಅನ್ನಾಕ ಬಂದಿಲ್ಲ." ನನಗೆ ನಾಚಿಕೆಯಾಯಿತು. ಆದರೆ ನಾಚಿಕೆಯಿಂದ ಸೈಕಲ್ ಬರುವುದಿಲ್ಲ.

ಶನಿವಾರ ಬೆಳಿಗ್ಗೆ ಮತ್ತೆ ಹೋದೆವು. ಎರಡನೆಯ ಸಲಕ್ಕೇ ಬಿದ್ದಳು, ಈ ಸಲ ಜೋರಾಗಿ. ಮೊಣಕೈ ಸಿಮೆಂಟಿನ ಅಂಚಿಗೆ ಉಜ್ಜಿ ರಕ್ತ ಬಂತು. ಸೈಕಲ್ಲನ್ನು ಅಲ್ಲೇ ಬಿಟ್ಟು ಅಂಚಿನ ಮೇಲೆ ಕೂತಳು. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

ನಾನು ಬಾಟಲಿಯ ನೀರು ಅವಳ ಮೊಣಕೈಗೆ ಹಾಕಿದೆ. ನೀರು ಅಂಚಿನ ಸಿಮೆಂಟಿನ ಮೇಲೆ ಬಿತ್ತು. ಬಿದ್ದು, ಅಲ್ಲೇ ನಿಲ್ಲಲಿಲ್ಲ. ತೆಳ್ಳಗೆ, ದಾರದ ಹಾಗೆ, ಸ್ಟೇಷನ್ ಕಡೆಗೆ ಹೊರಟಿತು.

ನೋಡುತ್ತಾ ನಿಂತೆ. ಇನ್ನೂ ಸ್ವಲ್ಪ ಹಾಕಿದೆ. ಮತ್ತೆ ಸ್ಟೇಷನ್ ಕಡೆಗೇ. ಹತ್ತು ಹೆಜ್ಜೆ ಗುಡ್ಡದ ಕಡೆ ಹೋಗಿ ಅಲ್ಲಿ ಹಾಕಿದೆ. ಮತ್ತೆ ಐವತ್ತು ಹೆಜ್ಜೆ ಹೋಗಿ ಹಾಕಿದೆ. ಎಲ್ಲ ಕಡೆಯೂ ಹಾಗೇ. ಗಾಳಿಯಿಂದ ಅಲ್ಲ, ಸಿಮೆಂಟಿನ ಡೊಂಕಿನಿಂದಲೂ ಅಲ್ಲ. ದಾರಿ ಗುಡ್ಡದಿಂದ ಸ್ಟೇಷನ್ನಿಗೆ ಇಳಿಯುತ್ತಿತ್ತು. ಕಣ್ಣಿಗೆ ಕಾಣದಷ್ಟು. ನಮ್ಮ ಉಪಕಾಲುವೆ ಇಳಿಯುತ್ತದಲ್ಲ, ಹಾಗೆ. ಅಲ್ಲಿ ದಿನಾ ನೋಡುತ್ತೇನೆ. ನೀರಿಲ್ಲದಾಗ ಕಾಲುವೆ ಯಾವ ಕಡೆ ಇಳಿದಿದೆ ಅಂತ ಯಾರ ಕಣ್ಣಿಗೂ ಕಾಣುವುದಿಲ್ಲ. ನೀರು ಬಿಟ್ಟರೆ ಗೊತ್ತಾಗುತ್ತದೆ.

ಮೂರು ದಿನ ನಾನು ಅವಳನ್ನು ಏರು ಹತ್ತಿಸುತ್ತಿದ್ದೆ. ಕಾಲುವೆ ಮೇಲೆ ಕೆಲಸ ಮಾಡುವವನು. ಹೊಸದಾಗಿ ಕಲಿಯುವವಳನ್ನು.

"ಏನ್ ಮಾಡಾಕತ್ತೀದಿ? ದಾರಿಗಿ ನೀರು ಹೊಡಿಯಾಕತ್ತೀದೇನು?" ಅಂತ ವೈನಿ ಕೂಗಿದಳು.

"ಏಳ್ರಿ ವೈನಿ. ತಪ್ಪು ನಂದು. ಇದು ಏರು ಅದ."

"ಯಾವ ಏರು? ಸಪಾಟ ಅದಲ್ಲ!"

"ನೀರು ಆ ಕಡಿ ಹೊಂಟದ. ನಾವು ಈ ಕಡಿ ಹೊಂಟೀವಿ. ಏಳ್ರಿ, ಗುಡ್ಡದ ತುದಿಗಿ ಹೋಗೂಣು."

ಅವಳು ಮೊದಲು ನನ್ನ ಮುಖ ನೋಡಿದಳು, ಆಮೇಲೆ ನೀರಿನ ಗೆರೆ ನೋಡಿದಳು. ಆಮೇಲೆ ಬೈದಳು. ಏನು ಬೈದಳು ಅಂತ ಇಲ್ಲಿ ಬರೆಯುವುದಿಲ್ಲ. ಮೂರು ದಿನದ ಬಾಕಿ ಎಲ್ಲ ಬಂತು.

ಸೈಕಲ್ ತಳ್ಳಿಕೊಂಡು ದಾರಿಯ ಆ ತುದಿಗೆ ಹೋದೆವು. ಅಲ್ಲಿಯವರೆಗೆ ನಾವು ಒಮ್ಮೆಯೂ ಹೋಗಿರಲಿಲ್ಲ. ಕ್ವಾರಿಯ ಕುಣಿಯಲ್ಲಿ ನೀರು ನಿಂತಿತ್ತು, ಕೊಕ್ಕರೆಗಳು ಇದ್ದವು. ಮುದುಕ ಅಲ್ಲಿನ ಬೆಂಚಿನ ಮೇಲೆ ಕೂತಿದ್ದ.

"ಬಂದ್ಯಾ?" ಅಂದ.

"ನಿನ್ನೆನ ಹೇಳಬಾರದಾಗಿತ್ತೇನ್ರಿ, ಇದು ಇಳುಕಲ ಅದ ಅಂತ?"

"ಹೇಳಿದ್ನಲ್ಲಪಾ, ಆ ತುದೀಲಿಂದ ಹೊಡಸು ಅಂತ."

"ಯಾಕ ಅಂತ ಹೇಳಲಿಲ್ಲ."

"ನೀ ಕೇಳ್ದಿ ಏನು?" ಅವನು ನಕ್ಕ. ಮೇಲಿನ ಎರಡು ಹಲ್ಲು ಇರಲಿಲ್ಲ. "ಕಲ್ಲು ತುಂಬಿದ ಡಬ್ಬಿ ಇಲ್ಲಿಂದ ಇಂಜಿನ್ ಇಲ್ಲದ ಇಳೀತಿದ್ವು, ತಮ್ಮಾ. ಒಬ್ಬಂವ ಬ್ರೇಕ್ ಹಿಡ್ಕೊಂಡು ಮ್ಯಾಲ ನಿಂತ್ರ ಸಾಕು. ಮೆಲ್ಲಕ ಸ್ಟೇಷನ್ ಮುಟ್ತಿದ್ವು. ಖಾಲಿ ಡಬ್ಬಿ ಎಳ್ಕೊಂಡು ಬರಾಕ ಅಷ್ಟ ಇಂಜಿನ್. ನೀ ಏನ್ ಮಾಡಿದಿ, ಇಂಜಿನ್ ಇಲ್ಲದ ಡಬ್ಬಿ ಉಲ್ಟಾ ಹತ್ತಸಾಕತ್ತಿದ್ದಿ."

"ನಾ ಡಬ್ಬಿ ಏನ್ರಿ ಮುತ್ಯಾ?" ಅಂದಳು ವೈನಿ.

"ಇಲ್ಲ ಯವ್ವಾ, ನೀ ಇಂಜಿನ್. ಡಬ್ಬಿ ಇಂವ."

ವೈನಿ ಎರಡು ದಿನದ ಮೇಲೆ ಮೊದಲ ಸಲ ನಕ್ಕಳು.

ಸೀಟು ಪೂರ್ತಿ ಕೆಳಗೆ ಇಳಿಸಿದೆ, ಎರಡೂ ಕಾಲು ನೆಲ ಮುಟ್ಟುವ ಹಾಗೆ. ಪೆಡಲ್ ಮುಟ್ಟಲೇಬೇಡಿ ಅಂದೆ. ಕಾಲು ಎತ್ತಿ, ಹ್ಯಾಂಡಲ್ ಹಿಡಿದು, ಮುಂದೆ ನೋಡಿ, ಅಷ್ಟೇ. ಅವಳು ಕಾಲಿನಿಂದ ನೆಲ ಒದ್ದು ಎತ್ತಿದಳು. ಸೈಕಲ್ ಮೆಲ್ಲಗೆ ಹೊರಟಿತು. ಎತ್ತಿನ ಗಾಡಿಯಷ್ಟು ಜೋರು. ಹೆದರಿದಾಗ ಕಾಲು ಊರಿದಳು, ಧೈರ್ಯ ಬಂದಾಗ ಎತ್ತಿದಳು. ತುಳಿಯುವ ಗೊಡವೆ ಇಲ್ಲದ್ದಕ್ಕೆ ಹ್ಯಾಂಡಲ್ ಮೇಲೆ ಗಮನ ನಿಂತಿತು. ನಾನು ಪಕ್ಕದಲ್ಲಿ ನಡೆದೆ. ಹಿಡಿಯಲೇ ಇಲ್ಲ. ನೂರು ಹೆಜ್ಜೆ ಹೋದ ಮೇಲೆ ಅವಳು ಕಾಲು ಊರುವುದನ್ನೇ ಬಿಟ್ಟಳು.

"ಹಿಡದೀ ಏನು?" ಅಂತ ಕೇಳಿದಳು, ಹಿಂದೆ ನೋಡದೆ.

"ಇಲ್ರಿ. ನಾ ಬಾಜೂಕ ಅದೀನಿ."

"ಹಿಡೀಬ್ಯಾಡ ಮತ್ತ. ಕೈ ಹಚ್ಚಿದ್ರ ನೋಡು."

ಸ್ಟೇಷನ್ ತುದಿಯ ಹಳಿ ತುಂಡುಗಳ ಹತ್ತಿರ ಎರಡೂ ಕಾಲು ಊರಿ ನಿಲ್ಲಿಸಿದಳು. ನಾನು ಓಡಿ ಬಂದು ಮುಟ್ಟಿದೆ. ಅವಳ ಮುಖ ಬೆವೆತಿತ್ತು. "ಮತ್ತ," ಅಂದಳು.

ಅವತ್ತು ಅವಳು ಎಷ್ಟು ಸಲ ಇಳಿದಳೋ ನನಗೆ ನೆನಪಿಲ್ಲ. ಪ್ರತಿ ಸಲ ಸೈಕಲ್ ಮೇಲಕ್ಕೆ ತಳ್ಳಿಕೊಂಡು ಹೋಗುವುದು ನನ್ನ ಪಾಲಿಗೆ. ಅದೇ ನನಗೆ ಸರಿಯಾದ ಶಿಕ್ಷೆ ಅಂತ ಅವಳೇ ಹೇಳಿದಳು. ಸಂಜೆ ಇಳಿಯುತ್ತಾ ಇಳಿಯುತ್ತಾ ಒಂದು ಪೆಡಲ್ ತುಳಿದಳು, ಆಮೇಲೆ ಎರಡೂ. ಬುರ್ಖಾದ ಹುಡುಗಿಯರು ಎದುರಿಗೆ ಬರುತ್ತಿದ್ದವರು ಪಕ್ಕಕ್ಕೆ ಸರಿದು, "ಶಾಬಾಸ್ ಅಕ್ಕಾ!" ಅಂತ ಕೂಗಿದರು. ವೈನಿ ಆ ಕಡೆ ನೋಡಲಿಲ್ಲ. ಮುಂದೆಯೇ ನೋಡಿದಳು. ಮಂದಿ ಕೂಗಿದರೂ ಹ್ಯಾಂಡಲ್ ತಿರುಗಲಿಲ್ಲ. ಅದನ್ನು ನೋಡಿ, ಇವಳಿಗೆ ಬಂತು ಅಂತ ನನಗೆ ಗೊತ್ತಾಯಿತು.

ಸೀಟು ಕೆಳಗಿದ್ದರೆ ಏರಿಗೆ ತುಳಿಯಲು ಆಗುವುದಿಲ್ಲ ಅಂತ ಭಾನುವಾರ ಬೆಳಿಗ್ಗೆ ಸ್ವಲ್ಪ ಎತ್ತರಿಸಿದೆ. ಅವಳು ಏರಿನ ಕಡೆಗೂ ಹೊಡೆದಳು. ಸ್ಟೇಷನ್ನಿನಿಂದ ಗುಡ್ಡದವರೆಗೆ, ಒಂದೇ ದಮ್ಮಿಗೆ. ನಾನು ಅರ್ಧಕ್ಕೇ ಓಡುವುದನ್ನು ಬಿಟ್ಟು ಬೆಂಚಿನ ಮೇಲೆ ಕೂತೆ. ಎರಡು ಕಡೆ ಬೇವಿನ ಗಿಡ, ನಡುವೆ ಕೆಂಪು ದಾರಿ, ಅದರ ಮೇಲೆ ತಂಗಿಯ ಹಳೆಯ ಚೂಡಿದಾರ್ ಹಾಕಿದ ನಮ್ಮ ವೈನಿ. ಸಣ್ಣಗಾಗುತ್ತಾ ಹೋದಳು. ನನಗೆ ಭಾಳ ಖುಷಿಯಾಯಿತು. ಇದಕ್ಕಿಂತ ಹೆಚ್ಚು ಹೇಳಲು ನನಗೆ ಬರುವುದಿಲ್ಲ.

ಒಂದು ಉಳಿದಿತ್ತು. ಸೀಟು ಎತ್ತರಿಸಿದ ಮೇಲೆ ಅವಳಿಗೆ ಇಳಿಯಲು ಬರುತ್ತಿರಲಿಲ್ಲ. ಕಾಲು ನೆಲಕ್ಕೆ ನಿಲುಕುತ್ತಿರಲಿಲ್ಲ. ಬೆಂಚಿನ ಪಕ್ಕ ಬಂದು ಬೆಂಚು ಹಿಡಿದು ಇಳಿಯುತ್ತಿದ್ದಳು, ಇಲ್ಲದಿದ್ದರೆ ನಾನು ಹಿಡಿಯಬೇಕಿತ್ತು. ಕಲಿಸಲು ಹೊತ್ತು ಉಳಿಯಲಿಲ್ಲ. ಸಂಜೆ ಬಸ್ಸಿನ ಮೇಲೆ ಸೈಕಲ್ ಹಾಕಿ ಸುರಪುರಕ್ಕೆ ಹೊರಟೆವು.

ಸೋಮವಾರ ಅಂಚೆ ಕಚೇರಿಯಲ್ಲಿ ಕಾಗದಗಳನ್ನೆಲ್ಲ ನೋಡಿದ ಮೇಲೆ ಸಾಹೇಬರು ಕೇಳಿದರು, "ಸೈಕಲ್ ಬರ್ತದೇನಮ್ಮಾ?"

"ಬರ್ತದ್ರಿ."

"ಎಷ್ಟು ವರ್ಷದಿಂದ?"

"ಶನಿವಾರದಿಂದ್ರಿ."

ಸಾಹೇಬರು ಪೆನ್ನು ಕೆಳಗಿಟ್ಟರು. ಹೊರಗೆ ಬಂದರು. ಕಚೇರಿಯ ಅಂಗಳ ಚಿಕ್ಕದು, ನಡುವೆ ಧ್ವಜದ ಕಂಬ. ಇಬ್ಬರು ಗುಮಾಸ್ತರೂ ಬಾಗಿಲಿಗೆ ಬಂದು ನಿಂತರು. ವೈನಿ ಅವತ್ತು ಸೀರೆ ಉಟ್ಟಿದ್ದಳು, ಕಾಸೆ ಬಿಗಿದಿದ್ದಳು. ಕಟ್ಟೆಯ ಮೇಲೆ ಕಾಲಿಟ್ಟು ಹತ್ತಿದಳು, ಹೊರಟಳು. ಕಂಬ ಸುತ್ತಿದಳು. ಒಂದು ಸುತ್ತು, ಎರಡು ಸುತ್ತು. ನೆಟ್ಟಗೆ, ಮುಂದೆ ನೋಡುತ್ತಾ.

"ಆತು, ಸಾಕು. ಇಳೀರಿ," ಅಂದರು ಸಾಹೇಬರು.

ಮೂರನೆಯ ಸುತ್ತು ಶುರುವಾಯಿತು.

"ಸಾಕಮ್ಮಾ. ನೋಡಿದ್ವಿ. ಇಳೀರಿ."

"ಇಳಿಯಾಕ ಬರಂಗಿಲ್ರಿ ಸರ್!" ಅಂತ ಸೈಕಲ್ ಮೇಲಿಂದಲೇ ಕೂಗಿದಳು.

ನಾನು ಓಡಿ ಹೋಗಿ ಸೀಟು ಹಿಡಿದೆ. ಗುಮಾಸ್ತರು ನಗುತ್ತಿದ್ದರು. ಸಾಹೇಬರು ನಗಲಿಲ್ಲ. ವೈನಿ ಇಳಿದು ಸೆರಗು ಸರಿ ಮಾಡಿಕೊಂಡು ನೆಟ್ಟಗೆ ನಿಂತಳು. ಇಷ್ಟು ಮಾಡಿ ಕೊನೆಗೆ ಇದರಲ್ಲಿ ಹೋಯಿತಲ್ಲ ಅಂದುಕೊಂಡೆ.

"ಯಾಕ ಹೇಳಿದ್ರಿ ಇಳಿಯಾಕ ಬರಂಗಿಲ್ಲ ಅಂತ?" ಅಂದರು ಸಾಹೇಬರು. "ಸುಮ್ಮ ಗ್ವಾಡಿ ಹಿಡದು ನಿಂತಿದ್ರ ಗೊತ್ತಾಗ್ತಿರಲಿಲ್ಲ."

"ನೀವು ಇಳಿ ಅಂದ್ರಿ, ಬರಂಗಿಲ್ಲ ಅಂದೆ. ಹೊಡಿಯಾಕ ಬರ್ತದ್ರಿ. ಇಳಿಯೂದೂ ಮುಂದ ಬರ್ತದ."

ಸಾಹೇಬರು ಗುಮಾಸ್ತರ ಕಡೆ ತಿರುಗಿದರು. "ನಿಯಮದಾಗ ಸೈಕಲ್ ಹೊಡಿಯಾಕ ಬರಬೇಕು ಅಂತ ಬರದದ. ಇಳಿಯೂದರ ಬಗ್ಗೆ ಏನೂ ಬರದಿಲ್ಲ. ಬರ್ಕೋರಿ." ಆಮೇಲೆ ಒಳಗೆ ಹೋಗುತ್ತಾ ನನಗೆ ಅಂದರು, "ನೀನೇನಪಾ ಕಲಿಸಿದಂವ? ಪೂರಾ ಕಲಸಬೇಕಿಲ್ಲ?"

ಮುಂದಿನ ತಿಂಗಳು ವೈನಿ ಕೆಲಸಕ್ಕೆ ಸೇರಿದಳು. ಹೆಗಲಿಗೆ ಚೀಲ, ತಂಗಿಯ ಸೈಕಲ್. ಕಾಲುವೆ ಏರಿಯ ದಾರಿಯಲ್ಲೇ ಹೋಗುತ್ತಾಳೆ. ಈಗ ನೀರಿದ್ದರೂ ಬೀಳುವುದಿಲ್ಲ. ಆದರೆ ಮೊದಲ ಹದಿನೈದು ದಿನ ಇಳಿಯುವುದು ಬರಲಿಲ್ಲ. ಊರಲ್ಲಿ ಪಂಚಾಯತಿ ಕಟ್ಟೆ ಹಿಡಿದು ಇಳಿದಳು. ತಾಂಡಾದಲ್ಲಿ ಕಟ್ಟೆ ಇಲ್ಲ, ಗಿಡವೂ ಇಲ್ಲ. ನಾನು ತೂಬಿನ ಕೆಲಸ ಮುಗಿಸಿ ಬರುತ್ತಾ ಒಂದು ದಿನ ಸ್ವಲ್ಪ ದೂರದಿಂದ ನೋಡಿದೆ. ಅವಳು ತಾಂಡಾದ ಮೊದಲ ಮನೆಯ ಮುಂದೆ ಸುತ್ತುತ್ತಾ ಗಂಟೆ ಬಾರಿಸಿದಳು. ಒಬ್ಬ ಮುದುಕಿ ಒಳಗಿಂದ ಬಂದಳು. ತನ್ನ ಪಿಂಚಣಿ ಕಾಗದಕ್ಕೆ ಕಾಯುತ್ತಿದ್ದವಳು. ಆಕೆಯೇ ಹ್ಯಾಂಡಲ್ ಗಟ್ಟಿಯಾಗಿ ಹಿಡಿದು ಸೈಕಲ್ ನಿಲ್ಲಿಸಿದಳು.

"ಇಳಿ ಯವ್ವಾ, ಹಿಡದೀನಿ," ಅಂದಳು ಮುದುಕಿ. "ಇಳದು ಮೊದಲು ನೀರು ಕುಡಿ. ಕಾಗದ ಆಮ್ಯಾಲ."

ವೈನಿ ಇಳಿದಳು, ಚೀಲ ಬಿಚ್ಚಿದಳು.